ಮೂರನೇ ಕಿಟಕಿಯ ಮುಂದೆ ಏಳುಲೋಟ

ಏಳುಲೋಟ ಮಂಗಳವಾರ ಬೆಳಿಗ್ಗೆ ಸತ್ತ. ಅಕ್ಕನ ಮನೆಯ ಹಿಂದಿನ ಕೋಣೆಯಲ್ಲಿ, ಕುರ್ಚಿಯಲ್ಲಿ ಕೂತ ಹಾಗೆಯೇ. ಎರಡನೇ ಸಲ ಲಕ್ವ ಹೊಡೆದಿರಬೇಕು ಎಂದರು ಡಾಕ್ಟರು. ಅಂಗವಿಕಲರ ಮಾಸಾಶನಕ್ಕೆ ಅವನು ಹಾಕಿದ ಅರ್ಜಿ ಇನ್ನೂ ಪರಿಶೀಲನೆಯಲ್ಲಿದೆ.

ಮಣ್ಣು ಮಾಡಿ ಬರುವಾಗ ಅವನ ಭಾವ ನನ್ನ ಪಕ್ಕದಲ್ಲಿ ನಡೆಯುತ್ತ, "ತುಂಬಾ ಒಳ್ಳೆಯವನು, ಪಾಪ," ಎಂದ. ನಾನು ಉತ್ತರ ಕೊಡಲಿಲ್ಲ. ಈಗ ಕೊಡುತ್ತೇನೆ. ಅವನು ಒಳ್ಳೆಯವನಲ್ಲ. ಮೂಗಿನ ತುದಿಯಲ್ಲೇ ಸಿಟ್ಟು, ಬಾಯಿಗೆ ಬೀಗವಿಲ್ಲ. ಬೇಡವಾದವರನ್ನು ಬೇಡ ಎನ್ನುವುದಕ್ಕೆ ಅವನಿಗೆ ಎಂದೂ ಮುಹೂರ್ತ ಬೇಕಾಗಿರಲಿಲ್ಲ. ಅವನನ್ನು 'ಪಾಪ' ಎನ್ನುವ ಧೈರ್ಯ ಭಾವನಿಗೆ ಬಂದದ್ದು ಅವನು ಸತ್ತ ಮೇಲೆಯೇ.

ಅವನು ನಮ್ಮ ಬೀದಿಯ ಹೋಟೆಲಿನಲ್ಲಿ ಸಪ್ಲೈಯರ್ ಆಗಿದ್ದ. ಎದುರಿನ ಮುದ್ರಣಾಲಯದಲ್ಲಿ ಕರಡು ತಿದ್ದುವುದು ನನ್ನ ಕೆಲಸ. ಪರಿಚಯವಾದದ್ದು ಜಗಳದಿಂದ. ಕೆಲಸಕ್ಕೆ ಸೇರಿದ ಹೊಸತರಲ್ಲಿ ನಾನು ಕಾಫಿ ಕುಡಿದು, ಮೂಲೆಯ ಮೇಜಿನಲ್ಲಿ ಪುಸ್ತಕ ಬಿಚ್ಚಿ ಕೂತಿದ್ದೆ. ಬಂದು ಎದುರಿಗೆ ನಿಂತ.

"ಕಾಫಿ ಆಯ್ತಾ?"

"ಆಯ್ತು."

"ಪುಸ್ತಕ?"

"ಇನ್ನೂ ಇದೆ."

"ನೀವು ಕೊಟ್ಟ ದುಡ್ಡಿಗೆ ಕುರ್ಚಿ ಸಿಗೋದು ಕಾಫಿ ಮುಗಿಯೋವರೆಗೆ. ಪುಸ್ತಕ ಮುಗಿಯೋವರೆಗೆ ಬೇಕಿದ್ರೆ ಲೈಬ್ರರಿಗೆ ನಡೀರಿ ಮೇಷ್ಟ್ರೇ. ಅಗೋ, ಬಾಗಿಲ ಹತ್ರ ಒಬ್ಬರು ಹಸಿದು ನಿಂತಿದಾರೆ."

"ನಾನು ಮೇಷ್ಟ್ರಲ್ಲ."

"ಹಾಗಾದ್ರೆ ಇನ್ನೂ ಬೇಗ ಏಳಿ."

ಎದ್ದೆ. ಮಾರನೆಯ ದಿನ ಹೋದಾಗ ನಾನು ಕೇಳುವ ಮೊದಲೇ ಸಕ್ಕರೆ ಕಮ್ಮಿ ಹಾಕಿಸಿದ ಕಾಫಿ ತಂದಿಟ್ಟ. ಹಿಂದಿನ ದಿನ ನಾನು ಲೋಟದ ತಳದಲ್ಲಿ ಸಕ್ಕರೆ ಬಿಟ್ಟಿದ್ದನ್ನು ನೋಡಿದ್ದ. ಅಂದಿನಿಂದ ನಾನು ಮೇಷ್ಟ್ರಾದೆ, ಕೊನೆಯವರೆಗೂ.

ಅವನಿಗೆ ಏಳುಲೋಟ ಎಂದು ಹೆಸರಿಟ್ಟವರು ಯಾರೋ ಗೊತ್ತಿಲ್ಲ. ತುಂಬಿದ ಏಳು ಲೋಟಗಳನ್ನು ಎಡಗೈಯೊಂದರಲ್ಲೇ ತರುತ್ತಿದ್ದ. ಬೆರಳ ಸಂದಿಗೊಂದೊಂದು, ಅಂಗೈ ಮೇಲೊಂದು, ಮಣಿಕಟ್ಟಿನ ಮೇಲೆ ಎರಡು. ಬಲಗೈ ಯಾವಾಗಲೂ ಖಾಲಿ. ಆ ಕೈ ಮೇಜು ಒರೆಸಲು, ಕುರ್ಚಿ ಎಳೆದು ಕೊಡಲು, ಎಡವುವ ಮಗುವನ್ನು ಹಿಡಿಯಲು. "ಎರಡೂ ಕೈ ತುಂಬಿಸ್ಕೊಂಡೋನು ಸಪ್ಲೈಯರ್ ಅಲ್ಲ, ಕತ್ತೆ," ಎನ್ನುತ್ತಿದ್ದ.

ಆ ಹೋಟೆಲಿನಲ್ಲಿ ಇನ್ನೊಂದು ಕಟ್ಟಳೆಯಿತ್ತು. ಅದನ್ನು ನಡೆಸುತ್ತಿದ್ದವನು ಇವನೇ. ಹೊರಗೆ ಒಬ್ಬನೇ ಒಬ್ಬ ಗಿರಾಕಿ ಕೂತಿದ್ದರೂ ಒಳಗಿನವರು ಊಟಕ್ಕೆ ಕೂರುವ ಹಾಗಿಲ್ಲ. ಒಮ್ಮೆ ಯಜಮಾನ ಗಲ್ಲಾದಲ್ಲಿ ಕೂತು ಬಾಯಿಗೆ ಬ್ರೆಡ್ಡು ಇಟ್ಟುಕೊಂಡದ್ದನ್ನು ಕಂಡು, "ಯಜಮಾನ್ರೇ, ಆ ಮೂಲೆಯವರಿಗೆ ಇನ್ನೂ ಏನೂ ಬಂದಿಲ್ಲ. ನಿಮ್ಮದು ಹೇಗೆ ಬಂತು?" ಎಂದು ಎಲ್ಲರ ಎದುರಿಗೇ ಕೇಳಿದ. ಯಜಮಾನ ಅಗಿಯುವುದನ್ನು ನಿಲ್ಲಿಸಿದ. ನುಂಗಿದನೋ ಇಲ್ಲವೋ ನನಗೆ ಕಾಣಲಿಲ್ಲ.

ಲಕ್ವ ಹೊಡೆದದ್ದು ಹೋಟೆಲಿನಲ್ಲೇ, ಹೊತ್ತೇರಿದ ಮೇಲೆ, ಜನ ತುಂಬಿದ್ದಾಗ. ಎಡಗೈ ತಾನಾಗಿ ಬಿಚ್ಚಿಕೊಂಡಿತು. ಲೋಟಗಳೆಲ್ಲ ನೆಲಕ್ಕೆ. ಕೈ ಜೋಮು ಹಿಡಿದಿದೆ ಎಂದುಕೊಂಡು ಅವನು ಬಗ್ಗಿ ಬಲಗೈಯಿಂದ ಚೂರುಗಳನ್ನು ಆಯ್ದ. ಕಾಫಿ ಚೆಲ್ಲಿಸಿಕೊಂಡವರ ಹತ್ತಿರ ಕ್ಷಮೆ ಕೇಳಿದ. ಹೊಸ ಕಾಫಿ ತಂದುಕೊಟ್ಟ. ಆಮೇಲೆ ಬಿದ್ದ. ಆಸ್ಪತ್ರೆಯಿಂದ ಬರುವಷ್ಟರಲ್ಲಿ ಎಡಗೈ ತೋಳಿನಿಂದ ನೇತಾಡುವ ಸಾಮಾನಾಗಿತ್ತು. ಎಡಗಾಲನ್ನು ಎಳೆದುಕೊಂಡೇ ನಡೆಯಬೇಕು. ಯಜಮಾನ ಆಸ್ಪತ್ರೆಗೆ ಹಣ್ಣು ಕಳಿಸಿದ, ಹೋಟೆಲಿಗೆ ಬೇರೊಬ್ಬನನ್ನು ತಂದ.

ಮದುವೆಯಾದವನಲ್ಲ. ಅಲ್ಲಿಯವರೆಗೆ ಅವನಿದ್ದದ್ದು ಹೋಟೆಲಿನ ಅಟ್ಟದ ಮೇಲೆ, ಕೆಲಸದವರ ಜತೆ. ಆ ಕಡಿದಾದ ಏಣಿಮೆಟ್ಟಿಲು ಇನ್ನು ಅವನಿಗಲ್ಲ. ನಾನಿರುವುದೂ ಮೂರನೇ ಮಹಡಿ, ಅಲ್ಲಿಗೂ ಹತ್ತಲಾರ. ಹಾಗಾಗಿ ಅಕ್ಕನ ಮನೆಗೆ ಹೋದ. ಅಕ್ಕ ಅವನಿಗಿಂತ ಬಹಳ ದೊಡ್ಡವಳು, ಗಂಡನ ಮಾತಿಗೆ ಎದುರಾಡಿ ಗೊತ್ತಿಲ್ಲದವಳು. ಭಾವ ವಿದ್ಯುತ್ ಇಲಾಖೆಯಲ್ಲಿ ಮೀಟರ್ ಓದಿ ನಿವೃತ್ತನಾದವನು. ಮನೆಯಲ್ಲಿ ಯಾವ ದೀಪ ಎಷ್ಟು ಹೊತ್ತು ಉರಿಯಿತು ಎಂಬುದು ಅವನಿಗೆ ನಿದ್ದೆಯಲ್ಲೂ ತಿಳಿಯುತ್ತಿತ್ತು.

"ಮಾಸಾಶನ ಮಂಜೂರಾಗೋವರೆಗೆ ಇರಲಿ," ಎಂದ ಭಾವ. ಅದು ಒಪ್ಪಂದ.

ಏಳುಲೋಟನಿಗೂ ಅಲ್ಲಿರುವ ಆಸೆ ಇರಲಿಲ್ಲ. ಹೋಟೆಲಿನ ಬೀದಿಯಲ್ಲೇ ಕ್ಷೌರಿಕನೊಬ್ಬನ ಅಂಗಡಿಯ ಹಿಂದೆ ಕೋಣೆಯೊಂದಿತ್ತು. ನೆಲಮಟ್ಟದ್ದು, ಮೆಟ್ಟಿಲಿಲ್ಲ, ನಲ್ಲಿ ಒಳಗೇ. ಕ್ಷೌರಿಕ ಹಳೆಯ ಸ್ನೇಹಿತ. "ಮಾಸಾಶನ ಬಂದ ದಿನ ಕೀಲಿ ನಿಂದು ಕಣಯ್ಯ. ಅಲ್ಲಿವರೆಗೆ ಯಾರಿಗೂ ಕೊಡಲ್ಲ," ಎಂದಿದ್ದ. ಏಳುಲೋಟ ಬದುಕಿನಲ್ಲಿ ಆಮೇಲೆ ಬಯಸಿದ್ದು ಅದೊಂದನ್ನೇ. ಯಾರ ದೀಪದ ಲೆಕ್ಕವೂ ಇಲ್ಲದ, ತನ್ನದೇ ಆದ ಒಂದು ಕೋಣೆ.

ಅರ್ಜಿ ಹಾಕಿದೆವು. ಬಹಳ ಕಾಲದ ಮೇಲೆ ಡಾಕ್ಟರ ಮುಂದೆ ಹಾಜರಾಗಲು ಕರೆ ಬಂತು. ಹೋಗಿಬಂದವನು ಹೊಸಿಲು ದಾಟುವ ಮೊದಲೇ ಹೇಳಿದ, "ಮೇಷ್ಟ್ರೇ, ಕೈ ಇನ್ನೂ ಸತ್ತಿಲ್ಲ!" ನಡೆದದ್ದಿಷ್ಟು. ಡಾಕ್ಟರು ತಲೆ ತಗ್ಗಿಸಿ ಬರೆಯುತ್ತಿದ್ದರಂತೆ. ಜವಾನ ನೀರಿನ ಲೋಟ ತಂದು ಮೇಜಿನ ಅಂಚಿನಲ್ಲಿಟ್ಟನಂತೆ. ಡಾಕ್ಟರ ಮೊಣಕೈ ತಾಗಿ ಲೋಟ ಉರುಳಿತು. ನೆಲ ಮುಟ್ಟುವ ಮುಂಚೆ ಏಳುಲೋಟನ ಬಲಗೈ ಅದನ್ನು ಹಿಡಿದಿತ್ತು. ಹಿಡಿದು, ಮೇಜಿನ ನಡುವೆ ಇಟ್ಟು, "ಅಂಚಿಗೆ ಇಡಬಾರದು ಸ್ವಾಮಿ," ಎಂದು ಡಾಕ್ಟರಿಗೇ ಬುದ್ಧಿ ಹೇಳಿ ಬಂದಿದ್ದ. ಒಂದು ಹನಿ ಚೆಲ್ಲಲಿಲ್ಲ ಎಂದು ಎರಡೆರಡು ಸಲ ಹೇಳಿದ.

ಅರ್ಜಿಯ ಗತಿ ನನಗೆ ಆಗಲೇ ತಿಳಿದುಹೋಯಿತು. ಬೇರೆ ಯಾರೇ ಆಗಿದ್ದರೂ ಆ ಲೋಟ ಬೀಳುತ್ತಿತ್ತು, ಬೀಳಬೇಕಿತ್ತು. ಆದರೆ ಬೀಳುವ ಲೋಟವನ್ನು ನೋಡುತ್ತ ಕೂರುವುದು ಅವನ ಮೈಗೆ ಗೊತ್ತಿರಲಿಲ್ಲ.

ಉತ್ತರ ಬಂತು. ಕೈಗಳ ಚಲನೆ ಚುರುಕಾಗಿದೆ, ಅರ್ಜಿದಾರರು ಹಿಂದಿನ ವೃತ್ತಿಗೆ ಶಕ್ತರಿದ್ದಾರೆ, ಅರ್ಜಿಯನ್ನು ತಿರಸ್ಕರಿಸಲಾಗಿದೆ. ಆ ಡಾಕ್ಟರು ಎಡಗೈಯನ್ನು ಮುಟ್ಟಿಯೂ ನೋಡಿರಲಿಲ್ಲ. ಭಾವ ಅದನ್ನು ಓದಿ ಚಪ್ಪಾಳೆ ತಟ್ಟಿದ.

"ಭೇಷ್! ಬೀಳೋ ಲೋಟ ಹಿಡಿಯೋಕೆ ಬರತ್ತೆ, ಕುಡಿದ ಲೋಟ ತೊಳೆಯೋಕೆ ಬರಲ್ಲ."

"ಲೋಟ ಬೀಳೋದನ್ನ ನೋಡ್ಕೊಂಡು ಸುಮ್ನೆ ಕೂರೋಕೆ ನಾನೇನು ನಿಮ್ಮ ಹಾಗೆ ಸರ್ಕಾರಿ ಕೆಲಸ ಮಾಡಿದ್ದೀನಾ ಭಾವ?"

ಅಂದು ರಾತ್ರಿ ಅವನ ಕೋಣೆಯ ದೀಪದ ಬಲ್ಬು ತೆಗೆದು ಸಣ್ಣದೊಂದನ್ನು ಹಾಕಲಾಯಿತು.

ಮೇಲ್ಮನವಿ ಬರೆದವನು ನಾನು. 'ತಮ್ಮ ಕೃಪೆ', 'ದಯವಿಟ್ಟು', 'ಈ ಬಡಪಾಯಿ' ಎಂದೆಲ್ಲ ಬರೆದಿದ್ದೆ. ಓದಿಸಿಕೊಂಡು, ಒಂದೊಂದನ್ನೇ ಹೊಡೆದುಹಾಕಿಸಿದ. "ನಾನು ಭಿಕ್ಷೆ ಕೇಳ್ತಾ ಇಲ್ಲ. ಕೈ ಹೋಗಿದೆ, ಕೈ ಹೋದೋರಿಗೆ ಕೊಡ್ತೀವಿ ಅಂತ ಅವರೇ ಬೋರ್ಡು ಹಾಕಿದಾರೆ. ಬೋರ್ಡಲ್ಲಿ ಇರೋದನ್ನ ಕೇಳಿದೀನಿ. ಇದ್ರೆ ತಂದುಕೊಡಲಿ, ಇಲ್ಲದಿದ್ರೆ ಬೋರ್ಡು ಅಳಿಸಲಿ." ಪತ್ರ ಎಷ್ಟು ಚಿಕ್ಕದಾಯಿತೆಂದರೆ, ಅಷ್ಟು ಚೆನ್ನಾದ ಗದ್ಯವನ್ನು ನಾನು ಮತ್ತೆ ಬರೆದಿಲ್ಲ.

ಆಮೇಲೆ ಶುರುವಾದವು ಸೋಮವಾರಗಳು. ಅರ್ಜಿದಾರರು ಕಚೇರಿಗೆ ಬಂದು ವಿಚಾರಿಸಬಹುದಾದದ್ದು ಸೋಮವಾರ ಮಾತ್ರ. ಒಂದೇ ಅಂತಸ್ತಿನ ಉದ್ದನೆಯ ಕಟ್ಟಡ. ಗಾಲಿಕುರ್ಚಿಗಳಿಗೆಂದು ಕಟ್ಟಿಸಿದ ಇಳಿಜಾರು ದಾರಿಯಲ್ಲಿ ಸಿಬ್ಬಂದಿಯ ಸ್ಕೂಟರುಗಳು ಸಾಲಾಗಿ ನಿಂತಿರುತ್ತಿದ್ದವು. ನಾವು ಮೆಟ್ಟಿಲು ಹತ್ತುತ್ತಿದ್ದೆವು, ಅವನ ಭಾರವೆಲ್ಲ ನನ್ನ ಹೆಗಲ ಮೇಲೆ. ಒಳಗೆ ಬೆಂಚುಗಳ ಮೇಲೆ ಕೈಯಿಲ್ಲದವರು, ಕಾಲಿಲ್ಲದವರು, ಕಣ್ಣಿಲ್ಲದವರು. ಅವರೆಲ್ಲರಿಗೂ ಇದ್ದದ್ದು ತಾಳ್ಮೆ. ಇವನಿಗೆ ಇಲ್ಲದ್ದು ಅದೊಂದೇ.

ನಮ್ಮದು ಮೂರನೇ ಕಿಟಕಿ. ಅಲ್ಲಿನ ಗುಮಾಸ್ತ ತಲೆ ಎತ್ತದೆ, "ಆಗತ್ತೆ, ಆಗತ್ತೆ," ಎನ್ನುತ್ತಿದ್ದ. ಏಳುಲೋಟ ಅವನಿಗೆ ಆಗತ್ತೆ ಸಾಹೇಬ ಎಂದು ಹೆಸರಿಟ್ಟ.

"ನನ್ನದು ಏನಾಯ್ತು ಸಾಹೇಬ್ರೇ?"

"ಪರಿಶೀಲನೆಯಲ್ಲಿದೆ."

"ಯಾರ ಹತ್ರ?"

"ಮೇಲೆ."

"ಮೇಲೆ ಅಂದ್ರೆ? ಈ ಕಟ್ಟಡಕ್ಕೆ ಮಹಡಿನೇ ಇಲ್ವಲ್ಲ."

"ಆಗತ್ತೆ, ಹೋಗಿ."

ಕೆಲವರು ಕಾಯುವಾಗ ಜಪ ಮಾಡುತ್ತಾರೆ, ಕೆಲವರು ತೂಕಡಿಸುತ್ತಾರೆ. ಏಳುಲೋಟ ಬೆಂಚಿನ ಮೇಲೆ ಕೂತು ಆ ಕಚೇರಿಯನ್ನು ಹೋಟೆಲಿನಂತೆ ನೋಡುತ್ತ, ಸಪ್ಲೈ ಹೇಗಿದೆ ಎಂದು ಬೈಯುತ್ತಿದ್ದ. ಬೈದಷ್ಟೂ ಅವನಿಗೆ ಚೈತನ್ಯ ಬರುತ್ತಿತ್ತು. "ನೋಡಿ ಮೇಷ್ಟ್ರೇ, ಎರಡನೇ ಕಿಟಕಿಯೋಳು ಪರವಾಗಿಲ್ಲ, ಬೈದ್ರೂ ಮುಖ ನೋಡಿ ಬೈತಾಳೆ. ನಮ್ಮೋನನ್ನ ಪಾತ್ರೆ ತೊಳೆಯೋಕೂ ಇಟ್ಕೊಳ್ತಿರಲಿಲ್ಲ ನಾನು. ಊಟ ತಡ ಆದ್ರೆ ಗಿರಾಕಿ ತಡ್ಕೋತಾನೆ. ತಲೆ ಎತ್ತದೇ ಇದ್ರೆ ತಡ್ಕೊಳ್ಳಲ್ಲ."

ಪಕ್ಕದಲ್ಲಿದ್ದ ಮುದುಕರೊಬ್ಬರು ಸಮಾಧಾನ ಹೇಳಲು ಹೋದರು. "ತಾಳಿದವನು ಬಾಳಿಯಾನು ಅಂತಾರಪ್ಪ."

"ಬಾಳಿಯಾನು ಯಜಮಾನ್ರೇ, ಇದೇ ಬೆಂಚಿನ ಮೇಲೆ."

ಮುದುಕರು ಬೇರೆ ಬೆಂಚಿಗೆ ಹೋದರು. ಅವನಿಗೆ ಆ ಹಜಾರದಲ್ಲೂ ಸ್ನೇಹಿತರಾಗಲಿಲ್ಲ.

ಒಂದು ಸೋಮವಾರ ಅವನೇ ಕೇಳಿದ. "ನಾನು ಈಗಲೇ ಬೇರೆ ಮನೆಗೆ ಹೋದ್ರೆ ಏನಾದ್ರೂ ತೊಂದರೆ ಇದೆಯಾ?" ಕ್ಷೌರಿಕ ಬಾಡಿಗೆ ಆಮೇಲೆ ಕೊಡು ಎಂದರೆ ಹೋಗಿಬಿಡೋಣ ಎಂಬ ಯೋಚನೆ. ಆಗತ್ತೆ ಸಾಹೇಬ ಅಂದು ಮಾತ್ರ 'ಆಗತ್ತೆ' ಎನ್ನಲಿಲ್ಲ.

"ತೀರ್ಮಾನ ಆಗೋ ಮುಂಚೆ ವಿಳಾಸ ಬದಲಾದ್ರೆ ಕಡತ ಆ ವಲಯದ ಕಚೇರಿಗೆ ಹೋಗತ್ತೆ. ಅಲ್ಲಿ ಮತ್ತೆ ಹೊಸ ಅರ್ಜಿ. ಮೊದಲಿಂದ."

ಹೋಟೆಲಿನ ಬೀದಿ ಬೇರೆ ವಲಯ. ಅಕ್ಕನ ಮನೆಯನ್ನು ಬಿಟ್ಟು ಅಲ್ಲಾಡುವಂತಿಲ್ಲ ಎಂದಾಯಿತು. ತನ್ನ ಕೋಣೆಗೆ ಹೋಗಬೇಕಾದರೆ ತೀರ್ಮಾನ ಬರಬೇಕು, ತೀರ್ಮಾನ ಬರಬೇಕಾದರೆ ಭಾವನ ಕೋಣೆಯಲ್ಲೇ ಇರಬೇಕು.

ಇದು ಭಾವನಿಗೂ ಗೊತ್ತಾಯಿತು. ಅವನಿಗೆ ಅದು ಕುತ್ತಿಗೆಗೆ ಕಟ್ಟಿದ ಕಲ್ಲಿನಂತೆ ಕಂಡಿತು. ಏಳುಲೋಟನ ಊಟದ ತಟ್ಟೆಯನ್ನು ಅಡುಗೆಮನೆಯಿಂದ ಹಿಂದಿನ ಕೋಣೆಗೆ ಸ್ಥಳಾಂತರಿಸಿದ. ನೆಂಟರು ಬಂದಾಗ ಆ ಕೋಣೆಯ ಬಾಗಿಲು ಎಳೆದುಕೊಳ್ಳುತ್ತಿದ್ದ. ಬೇಸಗೆ ಮುಗಿಯುವ ಹೊತ್ತಿಗೆ ಕೋಣೆಗೆ ಬಾಡಿಗೆಯವರನ್ನು ಗೊತ್ತುಮಾಡಿದ. ಆಮೇಲೆ ಊರಾಚೆಯ ನಿರಾಶ್ರಿತರ ಮನೆಗೆ ಹೋಗಿ, ಅಲ್ಲಿ ಇವನಿಗೆಂದು ಒಂದು ಮಂಚ ಕಾದಿರಿಸಿ ಬಂದು, ಭಾನುವಾರ ಎಲ್ಲರ ಎದುರು ಹೇಳಿದ. "ಮಂಗಳವಾರ ಹೊರಡೋದು. ಅಲ್ಲಿ ಹೊತ್ತಿಗೆ ಸರಿಯಾಗಿ ಊಟ, ಡಾಕ್ಟರು ಎಲ್ಲ ಇದೆ. ಇಲ್ಲಿಗಿಂತ ಚೆನ್ನಾಗಿದೆ."

"ಅಷ್ಟು ಚೆನ್ನಾಗಿದ್ರೆ ನೀವೇ ಹೋಗಿ ಭಾವ."

"ನನಗೆ ಮನೆ ಇದೆಯಪ್ಪ."

ಊರಾಚೆ ಎಂದರೆ ಮತ್ತೊಂದು ವಲಯ. ಅಲ್ಲಿಗೆ ಹೋದರೆ ಎಲ್ಲ ಮೊದಲಿಂದ, ಕ್ಷೌರಿಕ ಅಷ್ಟು ಕಾಲ ಕಾಯಲಾರ. ಏಳುಲೋಟ ಭಾವನಿಗೆ ಇದನ್ನು ವಿವರಿಸಲಿಲ್ಲ. ಕೋಣನ ಮುಂದೆ ಕಿನ್ನರಿ ಬಾರಿಸುವ ಅಭ್ಯಾಸ ಅವನಿಗಿರಲಿಲ್ಲ. ನನಗೆ ಮಾತ್ರ ಹೇಳಿದ, "ನಾಳೆ ಸೋಮವಾರ ಅಲ್ವಾ? ನಾಳೆ ನಾನು ಖಾಲಿ ಕೈಯಲ್ಲಿ ಎದ್ದು ಬರಲ್ಲ."

ಆ ಸೋಮವಾರ ಬೆಳಿಗ್ಗೆಯೆಲ್ಲ ಕೂತೆವು. ನಮ್ಮ ಸರದಿ ಹತ್ತಿರ ಬರುವಷ್ಟರಲ್ಲಿ ಊಟದ ಗಂಟೆ ಹೊಡೆಯಿತು. ಕಿಟಕಿಗಳು ಒಂದೊಂದಾಗಿ ಮುಚ್ಚಿಕೊಂಡವು. ಏಳುಲೋಟ ಎದ್ದ. ಖಾಲಿ ಕುರ್ಚಿಯೊಂದನ್ನು ಬಲಗೈಯಿಂದ ಎಳೆದುಕೊಂಡು ಹೋಗಿ, ಸಿಬ್ಬಂದಿ ಊಟದ ಕೋಣೆಗೆ ಹೋಗುವ ಬಾಗಿಲಿನಲ್ಲಿ ಅಡ್ಡ ಹಾಕಿ ಕೂತು, ಆ ಸತ್ತ ಕಾಲನ್ನು ಕೈಯಿಂದ ಎತ್ತಿ ಹೊಸಿಲ ಮೇಲೆ ಉದ್ದಕ್ಕೆ ಚಾಚಿದ. ಕಿಟಕಿಗಳ ಹಿಂದಿನವರು ಹೊರಬರಲು ಅದೊಂದೇ ಬಾಗಿಲು.

ಮೊದಲು ಬಂದವರು ಮೇಲ್ವಿಚಾರಕಿ, ಕೈಯಲ್ಲಿ ಊಟದ ಡಬ್ಬಿ.

"ಏನ್ರೀ ಇದು? ದಾರಿ ಬಿಡಿ."

"ಬಿಡ್ತೀನಮ್ಮ. ನನ್ನದು ಮೊದಲು ಬರಲಿ."

"ಇದು ಊಟದ ಸಮಯ."

"ಗೊತ್ತು. ಮೀಸೆ ಬಂದಾಗಿಂದ ಊಟದ ಸಮಯದಲ್ಲೇ ಕೆಲಸ ಮಾಡ್ದೋನು ನಾನು. ಹೊರಗೆ ಗಿರಾಕಿ ಕೂತಿರುವಾಗ ಒಳಗಿನವರು ಉಣ್ಣಬಾರದು. ಇಷ್ಟು ಜನ ಬೆಳಿಗ್ಗೆಯಿಂದ ಕೂತಿದಾರೆ. ನಿಮಗೆ ಡಬ್ಬಿ ಬಿಚ್ಚೋಕೆ ಮನಸ್ಸು ಹೇಗೆ ಬರತ್ತೆ?"

"ಇದೇನು ಹೋಟೆಲ್ಲಾ?"

"ಹೋಟೆಲ್ ಆಗಿದ್ರೆ ಈ ಸಪ್ಲೈಗೆ ಎಂದೋ ಬಾಗಿಲು ಹಾಕಿರ್ತಿತ್ತು."

ಬೆಂಚುಗಳ ಮೇಲೆ ಯಾರೋ ನಕ್ಕರು. ಆ ಹಜಾರದಲ್ಲಿ ನಾನು ನಗು ಕೇಳಿದ್ದು ಅದೇ ಮೊದಲು. ಮೇಲ್ವಿಚಾರಕಿಯ ಮುಖ ಕೆಂಪಾಯಿತು.

"ಪೊಲೀಸರನ್ನ ಕರೀಬೇಕಾಗತ್ತೆ."

"ಕರೀರಿ. ಅವರು ಬಂದು ನನ್ನನ್ನ ಎತ್ಕೊಂಡು ಹೋಗ್ತಾರೆ. ಎತ್ಕೊಂಡು ಹೋಗಬೇಕಾಯ್ತು ಅಂತ ನೀವು ಬರೆದು ಸಹಿ ಹಾಕಿ. ನನಗೆ ಬೇಕಾಗಿರೋದು ಅದೇ ಸರ್ಟಿಫಿಕೇಟು."

ಆಕೆ ಅವನನ್ನು ಮೊದಲ ಸಲ ಸರಿಯಾಗಿ ನೋಡಿದರು. ಅವನ ಮುಖ, ನೇತಾಡುವ ಕೈ, ಹೊಸಿಲ ಮೇಲಿನ ಕಾಲು. ಹಿಂದೆ ಡಬ್ಬಿ ಹಿಡಿದ ಸಿಬ್ಬಂದಿಯ ಸಾಲು ಬೆಳೆಯುತ್ತಿತ್ತು. ತಿರುಗಿ ಮೂರನೇ ಕಿಟಕಿಯವನನ್ನು ಕರೆದು, "ಇವರ ಕಡತ ತನ್ನಿ," ಎಂದರು.

ಆಗತ್ತೆ ಸಾಹೇಬ ಹುಡುಕಿದ. ಮೊದಲು ಒಂದು ಮೇಜು, ಆಮೇಲೆ ಇನ್ನೊಂದು. ಬಾಕಿ ಕಡತಗಳ ಕಪಾಟಿನಲ್ಲಿ ಇರಲಿಲ್ಲ. ಮುಗಿದ ಕಡತಗಳ ಕಪಾಟಿನಲ್ಲಿತ್ತು. ನಮ್ಮ ಮೇಲ್ಮನವಿಯನ್ನು ಹಳೆಯ ತಿರಸ್ಕಾರದ ಪತ್ರದ ಜತೆಗೇ ಸೇರಿಸಿ ದಾರ ಕಟ್ಟಿ ಒಳಗಿಟ್ಟಿದ್ದರು. ಅದು ಎಲ್ಲಿಗೂ ಹೋಗಿರಲಿಲ್ಲ. ಇಷ್ಟು ಸೋಮವಾರ ಪರಿಶೀಲನೆಯಲ್ಲಿದ್ದದ್ದು ಯಾರ ಪರಿಶೀಲನೆಯಲ್ಲೂ ಇರಲಿಲ್ಲ. ಆಗತ್ತೆ ಸಾಹೇಬ ಆಗಲೂ ತಲೆ ಎತ್ತಲಿಲ್ಲ. ಅವನ ನೆತ್ತಿಯನ್ನು ನೋಡುತ್ತ ನಾನು ಏನೇನು ಅಂದುಕೊಂಡೆ ಎಂಬುದು ಬರೆಯುವಂಥದ್ದಲ್ಲ. ಇಂದೂ ಅದನ್ನೇ ಅಂದುಕೊಳ್ಳುತ್ತೇನೆ.

ಮೇಲ್ವಿಚಾರಕಿ ನಿಂತಲ್ಲೇ ಪುಟ ತಿರುವಿದರು. ನಿಂತಲ್ಲೇ ಬರೆದರು. "ಶುಕ್ರವಾರ ಬೇರೆ ಡಾಕ್ಟರು ನಿಮ್ಮ ಮನೆಗೇ ಬಂದು ನೋಡ್ತಾರೆ. ಈ ವಿಳಾಸದಲ್ಲೇ ಇರಬೇಕು. ನೀವು ಇಲ್ಲದಿದ್ರೆ ಕಡತ ಮುಚ್ಚತ್ತೆ, ನಾನೇನೂ ಮಾಡೋಕಾಗಲ್ಲ."

ಏಳುಲೋಟ ಕಾಲನ್ನು ಎತ್ತಿ ಒಳಗೆಳೆದುಕೊಂಡ.

"ಈಗ ಊಟ ಮಾಡಿ ಅಮ್ಮ. ಆರಿ ಹೋಗತ್ತೆ."

ಮನೆಗೆ ಬಂದು ಭಾವನಿಗೆ ನಾನೇ ಹೇಳಿದೆ. ಶುಕ್ರವಾರದವರೆಗೆ ಮಾತ್ರ, ಅಷ್ಟೇ ಎಂದೆ. ಭಾವ ಪೂರ್ತಿ ಕೇಳಿಸಿಕೊಂಡ.

"ಈ ಶುಕ್ರವಾರ. ಆಮೇಲೆ ಇನ್ನೊಂದು ಶುಕ್ರವಾರ. ಸರ್ಕಾರದ ಶುಕ್ರವಾರ ನನಗೆ ಗೊತ್ತಿಲ್ವಾ? ನಾನೂ ಅಲ್ಲೇ ಕೂತು ಬಂದೋನು. ಬಾಡಿಗೆಯವರಿಗೆ ಮಾತು ಕೊಟ್ಟಾಗಿದೆ. ನಾಳೆ ಗಾಡಿ ತರ್ತೀನಿ."

"ಡಾಕ್ಟರು ಬಂದಾಗ ಇವನು ಇಲ್ಲಿರದಿದ್ರೆ ಎಲ್ಲ ಮುಗೀತು," ಎಂದೆ.

"ನನಗೆ ಮುಗಿದ್ರೆ ಸಾಕಾಗಿದೆ."

ಅಕ್ಕ ಆಗಲೇ ತಮ್ಮನ ತಗಡಿನ ಪೆಟ್ಟಿಗೆಯನ್ನು ಮಂಚದ ಕೆಳಗಿನಿಂದ ಎಳೆದು ಬಟ್ಟೆ ತುಂಬುತ್ತಿದ್ದಳು. ಯಾರ ಮುಖವನ್ನೂ ನೋಡುತ್ತಿರಲಿಲ್ಲ.

"ಅಕ್ಕ, ನೀನಾದ್ರೂ ಒಂದು ಮಾತು ಹೇಳು."

"ನಾನೇನು ಹೇಳಲಿ ತಮ್ಮಾ? ಮನೆ ಅವರದು."

"ಅಡುಗೆ ನಿಂದಲ್ವಾ? ಅಡುಗೆ ನಿಲ್ಲಿಸು, ಮನೆ ಯಾರದು ಅಂತ ಸಂಜೆಯೊಳಗೆ ಗೊತ್ತಾಗತ್ತೆ."

ಅಕ್ಕನ ತುಟಿಯಲ್ಲಿ ನಗು ಬಂದು, ಬಾಗಿಲಲ್ಲಿ ನಿಂತ ಗಂಡನನ್ನು ಕಂಡು ಹೋಯಿತು. ಅವಳು ಪೆಟ್ಟಿಗೆಯ ಮುಚ್ಚಳ ಹಾಕಿದಳು.

ನಾನು ಹೊರಡುವಾಗ, ನಾಳೆ ಬೆಳಿಗ್ಗೆ ರಜೆ ಹಾಕಿ ಬರುತ್ತೇನೆ, ಇಬ್ಬರೂ ಬಾಗಿಲಿಗೆ ಅಡ್ಡ ಕೂರೋಣ ಎಂದೆ. "ನೀವು ಬಂದು ಏನ್ಮಾಡ್ತೀರಿ ಮೇಷ್ಟ್ರೇ, ಮೂಲೆಯಲ್ಲಿ ಓದ್ತಾ ಕೂರ್ತೀರಿ," ಎಂದ. ಬರಬೇಡಿ ಎನ್ನಲಿಲ್ಲ. ನಾನು ತಲುಪುವಷ್ಟರಲ್ಲಿ ಮುಗಿದಿತ್ತು.

ಮುಂದಿನದು ಅಕ್ಕ ಹೇಳಿದ್ದು. ಬೆಳಿಗ್ಗೆ ಭಾವ ಗಾಡಿ ತರಲು ಹೋದ. ಅಕ್ಕ ಹಿತ್ತಲಲ್ಲಿ ಬಟ್ಟೆ ಹಿಂಡುತ್ತಿದ್ದಳು. ಹಿಂದಿನ ಕೋಣೆಯಲ್ಲಿ ತಗಡಿನ ಸದ್ದು ಕೇಳಿತು. ಆಮೇಲೆ ಬಹಳ ಹೊತ್ತು ಏನೋ ಎತ್ತುವ, ಇಡುವ, ಉಸಿರು ಬಿಡುವ ಸದ್ದು. ಒದ್ದೆ ಕೈಯಲ್ಲೇ ಬಂದು ನೋಡಿದಳು. ಅವನು ಪೆಟ್ಟಿಗೆಯಲ್ಲಿದ್ದುದನ್ನೆಲ್ಲ ಒಂದೇ ಕೈಯಲ್ಲಿ ತೆಗೆದು ಇದ್ದ ಜಾಗಕ್ಕೆ ಇಟ್ಟಿದ್ದ. ಅಂಗಿಗಳು ಗೂಡಿನಲ್ಲಿ, ಹೋಟೆಲಿನ ಬಿಳಿ ಕೋಟು ಮೊಳೆಯಲ್ಲಿ, ಕ್ಷೌರದ ಸಾಮಾನು ಕಿಟಕಿಯ ಮೇಲೆ. ಒಂದು ಅಂಗಿಯನ್ನು ಮಡಚಲು ಹೋಗಿ ಸೋತು, ಹಾಗೇ ಮುದ್ದೆ ಮಾಡಿ ತುರುಕಿದ್ದ. ಬೆವರಿ ತೊಪ್ಪೆಯಾಗಿದ್ದ, ತುಟಿ ಬೆಳ್ಳಗಾಗಿತ್ತು.

ಖಾಲಿ ಪೆಟ್ಟಿಗೆ ಕೋಣೆಯ ಹೊರಗೆ, ಇಕ್ಕಟ್ಟಾದ ನಡುಮನೆಯ ದಾರಿಯಲ್ಲಿ ಬಾಯಿ ತೆರೆದು ಕೂತಿತ್ತು.

"ಇದನ್ನ ಯಾಕೋ ಇಲ್ಲಿಟ್ಟೆ? ನಿಮ್ಮ ಭಾವ ಬರೋ ಹೊತ್ತು, ಎಡವಿ ಬೀಳ್ತಾರೆ."

"ಬೀಳಲಿ ಅಂತಾನೇ ಇಟ್ಟಿದೀನಿ ಅಕ್ಕ," ಎಂದು, ಗೋಡೆ ಹಿಡಿದು ನಿಂತು, ನಡೆಯುವ ಕಾಲಿನಿಂದ ಪೆಟ್ಟಿಗೆಯನ್ನು ಇನ್ನೊಂದಿಷ್ಟು ದಾರಿಯ ನಡುವಿಗೆ ತಳ್ಳಿ, ಒಳಗೆ ಹೋಗಿ ಕುರ್ಚಿಯಲ್ಲಿ ಕೂತ.